ಮೋರಿ ಹತ್ತಿರದ ಸ್ಟಾಪು

ಒಂಬತ್ತು ವರ್ಷ ಬಸ್ಸು ನಿಂತದ್ದು ಮರಿಬಸಪ್ಪನ ಹೋಟೆಲ್ ಮುಂದೆ. ಬಳ್ಳಾರಿ ಬಿಟ್ಟು, ಕೊಳಗಲ್ಲು ದಾಟಿ, ಸಿರುಗುಪ್ಪಕ್ಕೆ ಹೋಗುವ ಬಸ್ಸು ಕುರುಗೋಡಿಗೆ ಬಂತೆಂದರೆ ಡ್ರೈವರು ಯಾರೂ ಹೇಳದೆಯೇ ಅಲ್ಲಿ ಬ್ರೇಕು ಒತ್ತುತ್ತಿದ್ದ. ಜನ ಇಳಿದು ಚಾ ಕುಡಿದು, ಮಿರ್ಚಿ ತಿಂದು ಹತ್ತುತ್ತಿದ್ದರು. ಈಗ, ೧೯೫೧ರಲ್ಲಿ, ಅದೇ ಬಸ್ಸನ್ನು ದೊಡ್ಡ ರಸ್ತೆ ಬಿಡಿಸಿ ಎರಡು ಫರ್ಲಾಂಗು ಆಚೆ, ಕೇರಿ ಪಕ್ಕದ ಮೋರಿ ದಾಟಿಸಿ ನಿಲ್ಲಿಸಬೇಕಂತೆ! ಅರ್ಜಿ ಹಾಕಿದವನಾದರೂ ಯಾರು? ಗುಡ್ಡದಲ್ಲಿ ಕಲ್ಲು ಒಡೆದು ಗಾಡಿಯಲ್ಲಿ ಹೇರುವ ಕೇರಿಯ ಮಾರೆಣ್ಣ. ಮರಿಬಸಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

ಅರ್ಜಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ. ಸಿರುಗುಪ್ಪದ ಗದ್ದೆಗಳಿಗೆ ನಾಟಿಗೆ ಹೋಗುವ ಕೇರಿಯ ಹೆಂಗಸರನ್ನು ಮರಿಬಸಪ್ಪ ತನ್ನ ಹೋಟೆಲಿನ ಚಪ್ಪರದ ನೆರಳಿಗೆ ಬಿಟ್ಟುಕೊಂಡವನಲ್ಲ. ಹೋದ ಬೇಸಿಗೆಯಲ್ಲಿ ಮಾರೆಣ್ಣನ ಹೆಂಡತಿ ಹಂಪಮ್ಮ, ತುಂಬು ಬಸುರಿ, ಬಸ್ಸಿಗೆ ಕಾದು ಕಾದು ಬಿಸಿಲಲ್ಲೇ ಬಿದ್ದಳು. ಕೂಸು ಉಳಿಯಲಿಲ್ಲ. "ಬಿಸಿಲು ನಾ ಹಚ್ಚೀನೇನು?" ಅಂತ ಮರಿಬಸಪ್ಪ ಊರ ತುಂಬ ಕೇಳಿಕೊಂಡು ತಿರುಗಿದ. ಇಂಥ ಮಾತಿಗೆ ಮನುಷ್ಯನ ನಾಲಗೆ ಹೇಗೆ ಹೊರಳುತ್ತದೋ! ಅವನಿಗೆ ಕಾಣುತ್ತಿದ್ದದ್ದು ಒಂದೇ: ಬಸ್ಸು ಆಚೆ ಹೋದರೆ ತನ್ನ ಒಲೆ ಆರಿತು, ಮತ್ತು ಆರಿಸಿದವನು ತನ್ನೆದುರು ತಲೆ ಎತ್ತಿ ನಡೆಯುತ್ತಾನೆ.

ಜಾಗ ಗೊತ್ತುಮಾಡುವ ಸಾಹೇಬರು ಮದ್ರಾಸು ಕಡೆಯವರು. ಶುಕ್ರವಾರ ಬಂದು ಊರವರೆದುರು ದಾರಿ ನೋಡುತ್ತಾರೆ, ಮೋರಿ ಬಸ್ಸಿನ ಭಾರ ತಡೆದರೆ ಸ್ಟಾಪು ಕೇರಿಗೆ. ಹಾಗಾದರೆ ಮೋರಿ ಬೀಳಬೇಕು, ಬೀಳಿಸಿದವನು ಮಾರೆಣ್ಣನೇ ಆಗಬೇಕು. ಸರ್ಕಾರದ ಮೋರಿ ಮುರಿದವನಿಗೆ ಜೈಲು. ಜೈಲಿಗೆ ಹೋದವನ ಅರ್ಜಿಯನ್ನು ಯಾವ ಸಾಹೇಬ ಓದುತ್ತಾನೆ?

ಮರಿಬಸಪ್ಪ ಒಂದೊಂದನ್ನೂ ಅಳೆದು ನೋಡಿದ. ಮೋರಿಯ ಮೇಲೆ ಮೂರು ಚಪ್ಪಡಿ, ನಡುವಿನದು ಆಗಲೇ ಬಿರುಕು ಬಿಟ್ಟಿತ್ತು. ಸಲಾಕಿ ತೂರಿಸಿ ಮೀಟಿದರೆ ಆಯಿತು. ಗುಡ್ಡದ ಕಲ್ಲು ನಾಲ್ಕು ತಂದು ಸುತ್ತ ಚೆಲ್ಲಿದರೆ ಗಾಡಿಯಿಂದ ಉರುಳಿದ ಹಾಗೆ ಕಾಣುತ್ತದೆ. ಮಾರೆಣ್ಣನ ಗಾಡಿಯ ಜಾಡು ದಿನವೂ ಅಲ್ಲಿ ಬೀಳುತ್ತದೆ, ಹೊಸದಾಗಿ ಮಾಡುವ ಕಷ್ಟವಿಲ್ಲ. ಬೇರೆಯವರ ಬಾಯಿ ನಂಬುವ ಹಾಗಿಲ್ಲ, ಸಾಕ್ಷಿ ತಾನೇ ಹೇಳುವುದು. ಪಕ್ಕಕ್ಕೆ ಊರ ಹಿರಿಯ ತಿಪ್ಪೇರುದ್ರಪ್ಪ ಇರಲಿ. ಜೀವಮಾನದಲ್ಲಿ ಸುಳ್ಳಾಡದ ಮುದುಕ, ಅವನು ಸುಮ್ಮನೆ ನಿಂತರೂ ಸಾಕು.

ಅಷ್ಟರಲ್ಲಿ ಸಾಹೇಬರಿಗೆ ಬಳ್ಳಾರಿಯಲ್ಲಿ ಏನೋ ಕೆಲಸ ಬಿತ್ತು, ಮಂಗಳವಾರ ಬರುತ್ತೇನೆಂದು ಹೇಳಿಕಳಿಸಿದರು. ಬರಲಿ ಬಿಡು, ಎಲ್ಲಿಗೆ ಹೋಗುತ್ತಾರೆ ಅಂದುಕೊಂಡು ಮರಿಬಸಪ್ಪ ಗುರುವಾರಕ್ಕೆಂದು ಇಟ್ಟುಕೊಂಡಿದ್ದ ಕೆಲಸವನ್ನು ಅವರು ಬರುವ ಹಿಂದಿನ ದಿನಕ್ಕೆ ಸರಿಸಿದ.

ಆ ದಿನ ಸುಡು ಮಧ್ಯಾಹ್ನ ಸಲಾಕಿ ಹಿಡಿದು ಹೋದ. ಯಾವುದಾದರೂ ಗಾಡಿ ಬಂದರೆ ಅಡಗಲು ಜಾಲಿ ಪೊದೆಯೊಂದನ್ನು ನೋಡಿಟ್ಟುಕೊಂಡಿದ್ದ. ಒಂದೂ ಬರಲಿಲ್ಲ. ದಾರಿ ಇಷ್ಟು ಖಾಲಿ ಸಿಕ್ಕಿದ್ದು ತನ್ನ ಪುಣ್ಯ ಅಂದುಕೊಂಡ. ಚಪ್ಪಡಿ ಮುರಿದು ದಡಕ್ಕನೆ ಒಳಗೆ ಬಿದ್ದಾಗ ಅರ್ಜಿ ಬಿದ್ದಾಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡ ಬೆಂಕಿ ತಣ್ಣಗಾಯಿತು. ಗುಡ್ಡದ ಕಲ್ಲು ನಾಲ್ಕು ಸುತ್ತ ಚೆಲ್ಲಿ ಬಂದು, ಆ ರಾತ್ರಿ ಚೆನ್ನಾಗಿ ಉಂಡ.

ಮಂಗಳವಾರ ಮೋರಿಯ ಬಳಿ ಊರೆಲ್ಲ ಸೇರಿತ್ತು. ಮರಿಬಸಪ್ಪ ತಿಪ್ಪೇರುದ್ರಪ್ಪನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಕೈಮುಗಿದು ಮುಂದೆ ಬಂದ.

"ನಾ ಕಣ್ಣಾರೆ ಕಂಡೀನ್ರಿ ಸಾಹೇಬ್ರ. ನಿನ್ನಿ ಮಧ್ಯಾಹ್ನ ಈ ಮಾರೆಣ್ಣ ಎತ್ತು ಹೂಡಿಕೊಂಡು, ಗಾಡಿ ತುಂಬ ಕಲ್ಲು ಹೇರಿಕೊಂಡು ಬಂದ. ಬ್ಯಾಡಲೇ, ಮೋರಿ ತಡಿಯಂಗಿಲ್ಲ ಅಂದ್ರೂ ಕೇಳಲಿಲ್ಲ."

ಸಾಹೇಬರು ಅದನ್ನೆಲ್ಲ ಬರೆಸಿ ಓದಿಸಿದರು. ಮರಿಬಸಪ್ಪ ರುಜು ಹಾಕಿದ. ಪೊಲೀಸರಿಗೆ ಹೇಳಿಕಳಿಸಿ ಎಂದು ಸಾಹೇಬರು ಗುಮಾಸ್ತನಿಗೆ ಹೇಳುತ್ತಿದ್ದಂತೆ ಹಂಪಮ್ಮ ಗಂಡನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ನಿನ್ನಿ ನಾ ಗಾಡಿ ಹೂಡಿಲ್ರಿ," ಅಂದ ಮಾರೆಣ್ಣ.

ಮರಿಬಸಪ್ಪನಿಗೆ ನಗು ತಡೆಯಲಾಗಲಿಲ್ಲ. "ದಿನಾ ಹೂಡಾಂವ ನಿನ್ನಿ ಯಾಕ ಹೂಡಲಿಲ್ಲಪ? ಹೇಳಲೇ, ಸಾಹೇಬರಿಗೆ ಹೇಳು."

ಒಕ್ಕಲುತನದವರೆಲ್ಲ ಮರಿಬಸಪ್ಪನನ್ನೇ ನೋಡುತ್ತಿದ್ದರು. ಅಪ್ಪನ ಕಾಲಕ್ಕೇ ಹೊಲ ಮಾರಿ ಹೋಟೆಲ್ ಹಾಕಿದ ಮನೆ ಅವನದು, ಒಲೆಗೆ ಎಲ್ಲ ದಿನವೂ ಒಂದೇ. ತಿಪ್ಪೇರುದ್ರಪ್ಪ ಅವನ ಪಕ್ಕದಿಂದ ಮೆಲ್ಲಗೆ ಸರಿದು ಮಾರೆಣ್ಣನ ಹತ್ತಿರ ಹೋಗಿ ನಿಂತ. "ನಿನ್ನಿ ಸೋಮವಾರ್ರಿ ಸಾಹೇಬ್ರ," ಅಂದ. "ಸೋಮವಾರ ಬಸವಣ್ಣನ ದಿನ. ಈ ಊರಾಗ ಅವತ್ತು ಯಾರೂ ಎತ್ತಿನ ಕೊರಳಿಗೆ ನೊಗ ಇಡಂಗಿಲ್ರಿ."