ವೈರಿಗೆ ಬರೆದ ಪತ್ರಗಳು

ಸೀನಿದರೆ ಸತ್ತೆ!

ಬ್ಯಾಡಗಿ ಪೇಟೆಯ ಗೋಡೌನು. ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಮುದುಡಿ ಕೂತಿದ್ದೇನೆ. ಅಂಗಿಯೊಳಗೆ ಕದ್ದ ಪತ್ರಗಳ ಕಟ್ಟು. ಆಚೆ ಹಮಾಲ ಫಕ್ಕೀರೇಶ, ಕೈಯಲ್ಲಿ ಚೀಲ ಎತ್ತುವ ಕಬ್ಬಿಣದ ಕೊಕ್ಕೆ. ಮೂಗು ಹಿಡಿದೆ, ಉಸಿರು ಹಿಡಿದೆ...

ಆಕ್ಷೀ!

"ಸಿಕ್ಕಿಬಿದ್ದಿ ಮಗನ," ಅಂದ ಫಕ್ಕೀರೇಶ.

ಓಡಿದೆ. ಚೀಲದಿಂದ ಚೀಲಕ್ಕೆ ಹಾರಿದೆ. ಅಂಗಳದ ಕೆಂಪು ರಾಶಿಯ ಮೇಲೆ ಜಾರಿ ಬಿದ್ದೆ, ಎದ್ದೆ. ನಾನು ಸೀನುತ್ತ ಓಡಿದರೆ ಅವನು ಸೀನುತ್ತ ಅಟ್ಟಿಸಿಕೊಂಡು ಬಂದ. ಹೊರಟಿದ್ದ ಹಾವೇರಿ ಬಸ್ಸಿನ ಏಣಿಗೆ ಜೋತುಬಿದ್ದೆ. ಅವನ ಕೊಕ್ಕೆಗೆ ಸಿಕ್ಕಿದ್ದು ನನ್ನ ಅಂಗಿಯ ಚುಂಗು ಮಾತ್ರ.

ಈ ಕೆಲಸ ಕೊಟ್ಟವನು ಪ್ರವೀಣಕುಮಾರ. ಅವನಪ್ಪ ಅಜ್ಜಪ್ಪ ಮತ್ತು ಈ ಗೋಡೌನಿನ ಮಾಲೀಕ ಮಲ್ಲೇಶಪ್ಪ ಒಂದು ಕಾಲದ ಪಾಲುದಾರರು. ಪಾಲಾಗುವಾಗ ನಡುವಿನ ಒಂದು ಗೋಡೆಗಾಗಿ ಜಗಳವಾಡಿದರು. ಸಿಟ್ಟಿನ ಭರದಲ್ಲಿ ಮೈಲಾರಲಿಂಗನ ಭಂಡಾರದ ಅರಿಶಿನ ಮುಟ್ಟಿ ಆಣೆಯನ್ನೂ ಮಾಡಿಬಿಟ್ಟರು: ಸಾಯುವವರೆಗೂ ಒಬ್ಬರ ಜತೆ ಒಬ್ಬರು ಮಾತಾಡುವುದಿಲ್ಲ. ಗೋಡೆಯ ಕೇಸು ಹಾವೇರಿ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ನಡೆದಿತ್ತು.

"ನಮ್ಮಪ್ಪ ಆ ವೈರಿಗೆ ಕದ್ದು ಪತ್ರ ಬರಿಯಾಕತ್ತಾನ, ಮೈಲೇಶಣ್ಣ," ಅಂದಿದ್ದ ಪ್ರವೀಣ. "ಕೇಸಿನ ಗುಟ್ಟು ಬಿಟ್ಟುಕೊಡಾಕತ್ತಾನ. ಅವನ್ನ ತಂದು ಕೊಡು, ಕೇಸು ನಮ್ದ."

ಕದ್ದ ಮಾಲನ್ನು ನಾನು ಓದುವವನಲ್ಲ. ಆದರೆ ಮುಂದಿನ ಸ್ಟಾಪಿನಲ್ಲಿ ಸೀಟು ಸಿಕ್ಕಿತು, ಕಿಟಕಿಯೂ ಸಿಕ್ಕಿತು... ಓದಿದೆ.

ಕೇಸಿನ ಗುಟ್ಟು ಎಲ್ಲಿತ್ತು? ಅಜ್ಜಪ್ಪ ಮೊಣಕಾಲು ನೋವಿನ ಬಗ್ಗೆ ಬರೆದಿದ್ದ. ಹಣೆ ತುಂಬ ವಿಭೂತಿ ಬಳಿಯುವ ಮನುಷ್ಯ, "ದೇವರು ಅದಾನೋ ಇಲ್ಲೋ, ಖರೇ ಹೇಳು" ಅಂತ ಕೇಳಿದ್ದ. ಸತ್ತ ಹೆಂಡತಿಯ ಸೀರೆಗಳನ್ನು ಯಾರಿಗೂ ಕೊಡಲು ಮನಸ್ಸು ಬರಲಿಲ್ಲ ಎಂದಿದ್ದ. ಮಗನಿಗೆ ಹೇಳದ್ದನ್ನೆಲ್ಲ ವೈರಿಗೆ ಹೇಳಿದ್ದ. ಕೊನೆಯ ಪತ್ರದಲ್ಲಿ ಹೀಗಿತ್ತು: "ಮಲ್ಲು, ಕೇಸು ಗೆಲ್ಲಬ್ಯಾಡ, ನಾನೂ ಗೆಲ್ಲೂದಿಲ್ಲ. ಕೋರ್ಟಿನ ತಾರೀಖು ನಿಂತ್ರ ನಿನ್ನ ಮಾರಿ ನೋಡಾಕ ನನಗ ಏನ ನೆಪ ಐತಿ?"

ನಗು ಬಂತು. ಹಿಂದೆಯೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಮೆಣಸಿನಕಾಯಿ ಘಾಟು ಅಂದುಕೊಂಡು ಪಕ್ಕದ ಅಜ್ಜಿ ನೀರಿನ ಬಾಟಲಿ ಕೊಟ್ಟಳು.

ಹಾವೇರಿಯಲ್ಲಿ ಇಳಿದರೆ ಎದುರಿಗೇ ಅಂಬಾಸಿಡರ್. ಫಕ್ಕೀರೇಶ ಮೊಬೈಲ್ ಒತ್ತಿದ್ದ, ಮಲ್ಲೇಶಪ್ಪ ರಾಣೆಬೆನ್ನೂರಿನ ಮನೆಯಿಂದ ಹಾರಿ ಬಂದಿದ್ದ. ರೌಡಿಗಳನ್ನು ಕರೆತಂದಿರುತ್ತಾನೆ ಎಂದುಕೊಂಡೆ. ಇಳಿದವನು ಅವನೊಬ್ಬನೇ, ಕೋಲೂರಿಕೊಂಡು.

"ಓದಿದೇನು?"

"ಓದೀನ್ರಿ."

"ಮಾತಾಡೂದಿಲ್ಲಂತ ಆಣಿ ಮಾಡಿದ್ವಿ. ಬರಿಯಾಕ ಯಾರೂ ಬ್ಯಾಡ ಅಂದಿಲ್ಲ." ಕೋಲಿನ ತುದಿಯಿಂದ ನನ್ನ ಅಂಗಿಯೊಳಗಿನ ಕಟ್ಟು ತೋರಿಸಿದ. "ಪ್ರವೀಣನ ಕೈಗೆ ಇವು ಹೋದ್ರ ಕೇಸು ಮುಗೀತು. ಅಜ್ಜಪ್ಪನ್ನ ನೋಡೂದೂ ಮುಗೀತು."

"ಕೊಡದಿದ್ರೂ ಮುಗೀತೈತಲ್ರಿ, ಯಜಮಾನ್ರ. ತೀರ್ಪು ಈ ತಿಂಗಳನ ಐತಂತ."

ಮುದುಕ ತಲೆ ತಗ್ಗಿಸಿದ. ನನ್ನ ಬಾಯಿ ಯಾವಾಗಲೂ ತಲೆಗಿಂತ ಮುಂದೆ.

"ಹೊಸಾ ಕೇಸು ಹಾಕ್ರಿ."

"ಯಾರ ಮ್ಯಾಲೆ?"

ಕಟ್ಟನ್ನು ಅವನ ಕೈಗಿಟ್ಟೆ.

ಪ್ರವೀಣನಿಗೆ ಪತ್ರ ಸಿಗಲಿಲ್ಲ ಎಂದೆ. ಗೋಡೆಯ ತೀರ್ಪು ಬಂತು, ಇಬ್ಬರಿಗೂ ಅರ್ಧರ್ಧ. ಈಗಲೂ ತಾರೀಖು ಬಂದಾಗಲೆಲ್ಲ ಕೋರ್ಟಿನ ವರಾಂಡದಲ್ಲಿ ಇಬ್ಬರು ಮುದುಕರು ಎದುರುಬದುರು ಬೆಂಚಿನಲ್ಲಿ ಕೂತು, ತುಟಿ ಬಿಚ್ಚದೆ, ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಹೊಸ ಕೇಸಿನ ಫಿರ್ಯಾದಿ ಮಲ್ಲೇಶಪ್ಪ. ಕಣ್ಣಾರೆ ಕಂಡ ಸಾಕ್ಷಿ ಅಜ್ಜಪ್ಪ. ಒಂದು ಚೀಲ ಮೆಣಸಿನಕಾಯಿ ಕದ್ದ ಆರೋಪಿ ನಾನು.

ನನ್ನ ವಕೀಲನಿಗೆ ಹೇಳಿಟ್ಟಿದ್ದೇನೆ... ಈ ಕೇಸು ಗೆದ್ದರೆ ಕಾಲು ಮುರಿಯುತ್ತೇನೆ!