ಟರ್ಕಿ ಕೋಳಿಯ ಹೂರಣ

"ಏಳನೇ ಕ್ಲಾಸ್ ದಾಟದವ್ನಿಗೆ ಅಕ್ಕಿ ಯಾವ್ದು, ಗೋಧಿ ಯಾವ್ದು ಅಂತ ಎಂಗ್ಲಾ ಗೊತ್ತಾಯ್ತದೆ? ನನ್ ಸೊಸೆಗೆ ವಿಷ ಆಕ್ದ ಕಣ್ರೋ ಈ ದನ."

ಹೊಸ ವರ್ಷದ ಊಟಕ್ಕೆ ಬಂದ ನೆಂಟರ ಎದುರೇ ಶಿವರಾಜು ಹೀಗೆ ಅಂದಾಗ ನನ್ನ ಮೈ ಉರಿಯಿತು. ಅವರ ಸೊಸೆ ಸೌಜನ್ಯ ಗೋಧಿ ತಿನ್ನುವಂತಿಲ್ಲ. ಚೂರು ಸೇರಿದರೂ ಕರುಳು ಕೆಡುತ್ತದೆ. ಅದಕ್ಕೇ ಅಡುಗೆಗೆ ಬಂದಿದ್ದ ನಾನು ಟರ್ಕಿ ಕೋಳಿಯ ಹೊಟ್ಟೆಗೆ ಬ್ರೆಡ್ ಬದಲು ಅಕ್ಕಿ ರೊಟ್ಟಿಯ ಚೂರು, ಆಲೂಗಡ್ಡೆ, ಈರುಳ್ಳಿ, ಮೆಣಸಿನ ಹೂರಣ ತುಂಬಿ, ಹಿತ್ತಿಲ ಒಲೆಯ ಮೇಲೆ ಹಂಡೆಯಲ್ಲಿ ಬೇಯಲು ಇಟ್ಟಿದ್ದೆ. ಉಂಡ ಮೇಲೆ ಅವಳಿಗೆ ವಾಂತಿ ಹತ್ತಿ ಆಸ್ಪತ್ರೆ ಸೇರಿದ್ದಳು.

"ಈ ಆಸನ ಊರಲ್ಲಿ ಇನ್ನು ಯಾವನು ನಿನ್ ಕೈಲಿ ಅಡ್ಗೆ ಮಾಡಿಸ್ತಾನೋ ನೋಡ್ತೀನಿ."

ಗಲಾಟೆಗೆ ಅದೇ ಮನೆಯ ಮಹಡಿಯ ಬಾಡಿಗೆದಾರರಾದ ಗಂಗಾಂಬಿಕೆ ಇಳಿದು ಬಂದರು. ಪೊಲೀಸ್ ಇಲಾಖೆಯ ನಿವೃತ್ತ ಬೆರಳಚ್ಚು ತಜ್ಞೆ. ಅರಕಲಗೂಡು, ಹೊಳೆನರಸೀಪುರ ಅಂತ ಅವರು ಹೋದ ಪತ್ತೆ ಕೆಲಸಕ್ಕೆಲ್ಲ ಸ್ಕೂಟರ್ ಓಡಿಸಿದವನು ನಾನೇ.

"ಒಲೆ ಬಿಟ್ಟು ಎಲ್ಲಾದ್ರೂ ಹೋಗಿದ್ಯಾ ಕಾಂತರಾಜು?"

"ಬಾಳೆ ಎಲೆಗೆ ಹೋಗಿದ್ದೆ ಮೇಡಂ. ಪೇಟೇಲಿ ರಶ್ಶು, ತಡ ಆಯ್ತು. ಬರೋದ್ರೊಳ್ಗೆ ಕೋಳಿ ಮೇಜಿನ ಮೇಲಿತ್ತು."

"ನಾನೇ ಎತ್ಕೊಂಡ್ ಬಂದೆ ಕಣಮ್ಮ," ಎಂದರು ಶಿವರಾಜು ಹೆಂಡತಿ ಚಿಕ್ಕಲಕ್ಷ್ಮಮ್ಮ. "ಮುಚ್ಚಳ ಆಗ್ಲೇ ತೆಗೆದಿತ್ತು. ನಂಗೋ ಚಪಾತಿ ಚಿಂತೆ. ಕಲ್ಸಿಟ್ಟಿದ್ದ ಇಟ್ಟು ಕಮ್ಮಿ ಬಿತ್ತು."

ಶಿವರಾಜು ನಿಂತಲ್ಲಿ ನಿಲ್ಲಲಾರದೆ ಹಜಾರದಲ್ಲಿ ತಿರುಗುತ್ತಿದ್ದರು. "ನಾನು ಇತ್ಲಿನ ಒಲೆ ತಾವ ತಲೆನೂ ಆಕಿಲ್ಲ. ಇವ್ನಿಗೆ ಮುಚ್ಚಳ ನೆಟ್ಟಗೆ ಮುಚ್ಚಕ್ಕೂ ಬರಲ್ಲ, ಆವಿಯೆಲ್ಲಾ ಪಕ್ದಲ್ಲಿ ನುಗ್ತಿತ್ತು."

ಗಂಗಾಂಬಿಕೆ ಹಿತ್ತಿಲಿಗೆ ಹೋಗಿ ಹಂಡೆಯ ಅಂಚನ್ನು ಉಗುರಿನಿಂದ ಕೆರೆದು, ಆಸ್ಪತ್ರೆಗೆ ಫೋನ್ ಮಾಡಿ ಸೌಜನ್ಯಳ ಜೊತೆ ಮಾತಾಡಿದರು. ಒಳಗೆ ಬಂದು ಎಲ್ಲರನ್ನೂ ಕೂರಿಸಿದರು. ನನಗೆ ಮಾತ್ರ ಕೂರಲಾಗಲಿಲ್ಲ.

"ಉಪ್ಪು ನೋಡೋಕೆ ಅಂತ ಸೌಜನ್ಯ ಬೆಳಿಗ್ಗೆಯೇ ಈ ಹೂರಣ ಒಂದು ತಟ್ಟೆ ತಿಂದಿದ್ದಾಳೆ. ಮಧ್ಯಾಹ್ನದ ಊಟದವರೆಗೂ ಚೆನ್ನಾಗಿದ್ದಳು. ಅಂದ್ರೆ ಹೂರಣದಲ್ಲಿ ತಪ್ಪಿಲ್ಲ, ಗೋಧಿ ಸೇರಿದ್ದು ಒಲೆ ಮೇಲೆ." ಅಂಗೈ ಚಾಚಿದರು. ಅದರಲ್ಲಿ ಸುಟ್ಟ ಕಂದು ಚಕ್ಕೆಗಳಿದ್ದವು. "ಹಂಡೆಯ ಅಂಚಿನ ಸುತ್ತ ಇದು ಅಂಟಿದೆ. ಬೆಂದ ಹಿಟ್ಟು. ಬಾಡು ಬೇಯಿಸುವಾಗ ಆವಿ ಹೋಗದಂತೆ ಮುಚ್ಚಳಕ್ಕೆ ಮೆತ್ತೋದು ಇದನ್ನೇ. ಚಪಾತಿ ಹಿಟ್ಟು ಕಮ್ಮಿಯಾಗಿದ್ದು ಅದಕ್ಕೇ. ಮುಚ್ಚಳ ಎಬ್ಬಿಸಿದಾಗ ಒಣಗಿದ ಚಕ್ಕೆ ಒಡೆದು ಕೋಳಿ ಮೇಲೆ ಉದುರಿದೆ."

"ಮೆತ್ತಿದ್ದು ಯಾರು?" ಚಿಕ್ಕಲಕ್ಷ್ಮಮ್ಮನ ದನಿ ಕುಗ್ಗಿತು.

"ಒಲೆಯ ಬಳಿ ಹೋಗದವರಿಗೆ ಆವಿ ಪಕ್ಕದಲ್ಲಿ ನುಗ್ಗಿದ್ದು ಕಾಣೋಲ್ಲ, ಶಿವರಾಜು."

"ನಮ್ಮಪ್ಪ ಅಂಗೇ ಮೆತ್ತೋನು," ಎಂದರು ಶಿವರಾಜು, ನೆಲ ನೋಡುತ್ತಾ. "ರುಚಿ ಓಗ್ಬಾರ್ದು ಅಂತ ಕಣಮ್ಮ. ಬೆಂತಾ ಅಂತ ಮುಚ್ಚಳ ತೆಗ್ದಿದ್ದೂ ನಾನೇ, ಚಕ್ಕೆ ಕೋಳಿ ಮೇಲೆ ಬೀಳ್ತದೆ ಅಂತ ತಲೆಗೆ ಒಳೀಲಿಲ್ಲ. ಅವ್ಳು ಬಿದ್ಮೇಲೆ ಎದ್ರಿಕೆ ಆಗೋಯ್ತು."

ನೆಂಟರೆಲ್ಲ ನನ್ನ ಕಡೆ ತಿರುಗಿದರು. ನಾನು ನನ್ನ ಚಾಕು, ಸೌಟುಗಳನ್ನು ಚೀಲಕ್ಕೆ ತುಂಬಿದೆ.

"ಆಯ್ತು ಬುಡ್ಲಾ ಕಾಂತ," ಶಿವರಾಜು ಬಾಗಿಲವರೆಗೂ ಬಂದರು. "ಸೌಜನ್ಯ ನಂಗೆ ಮಗಳಂಗವ್ಳೆ, ಆಸ್ಪತ್ರೇಲಿ ನಿನ್ ಬಿಟ್ರೆ ಬೇರೆ ಯಾರ್ ಕೈ ಊಟನೂ ನಂಬ್ತಿಲ್ಲ. ನಾಳೆ ಗಂಜಿ ಮಾಡ್ಕೊಡಕ್ಕೆ ಬತ್ತೀಯೇನ್ಲಾ?"

ಚಪ್ಪಲಿ ಮೆಟ್ಟಿ, ಗೇಟು ತೆಗೆದು, ನಡೆದುಬಿಟ್ಟೆ.