ಹಿಂದಿನ ಸೀಟಿನ ಬೆಲ್ಟ್

ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೇ ಸಮುದ್ರ ನೋಡಲು ಹೊರಟದ್ದು ಅದೇ ಮೊದಲು. ಕೊಪ್ಪ ಬಿಟ್ಟು, ಶೃಂಗೇರಿಯಲ್ಲಿ ತಿಂಡಿ ತಿಂದು, ಘಾಟಿಯ ಕಾಡಿನಲ್ಲಿ ಪ್ರಪಾತದ ಪಕ್ಕ ಕಾರು ನಿಲ್ಲಿಸಿ ಕಣಿವೆ ನೋಡಿದೆವು. ಮತ್ತೆ ಹೊರಟಾಗ ಕಾರು ಬೀಪ್ ಬೀಪ್ ಎನ್ನತೊಡಗಿತು. ಹಿಂದೆ ಕೂತವರು ಬೆಲ್ಟ್ ಹಾಕಿಲ್ಲವಂತೆ. ಹಿಂದೆ ಯಾರೂ ಇರಲಿಲ್ಲ.

"ಸೆನ್ಸರ್ ಹಾಳಾಗಿರ್ಬೇಕು. ವಾಪಸ್ ಹೋಗಾಣ ಮಾರಾಯ್ತಿ, ಸಮುದ್ರ ಎಲ್ಲೂ ಓಡಿಹೋಗಲ್ಲ," ಎಂದರು ನಮ್ಮವರು.

"ಸಮುದ್ರ ಓಡಲ್ಲ, ನೀವೇ ಓಡೋದು. ನಿಲ್ಸಿ," ಎಂದೆ. ಇವತ್ತು ತಿರುಗಿದರೆ ಇನ್ನೆಂದೂ ಹೊರಡುವುದಿಲ್ಲವೆಂದು ನನಗೆ ಗೊತ್ತಿತ್ತು.

ಇಳಿದು ಹಿಂದಿನ ಬಾಗಿಲು ತೆರೆದು ಕೈಯಿಟ್ಟೆ. ಬಿಸಿಲಿಗೆ ಕಾದ ಕಾರಿನಲ್ಲಿ ಆ ಸೀಟೊಂದೇ ತಣ್ಣಗಿತ್ತು. ಬೆಲ್ಟ್ ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು. ಆದರೆ ಬೆಲ್ಟ್ ಸೀಟಿಗೆ ಒರಗಲಿಲ್ಲ. ಯಾರದೋ ಮೈಮೇಲೆ ಇದ್ದಂತೆ ಉಬ್ಬಿ ನಿಂತಿತು. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಕಾರು ತಿರುಗುತ್ತಿತ್ತು.

ದಾರಿಯುದ್ದಕ್ಕೂ ಇವರು ಹಾಡಿಕೊಂಡರು, ನಾನು ಕಿತ್ತಳೆ ಸುಲಿದು ಕೊಟ್ಟೆ. ಕಡಲ ತೀರದಲ್ಲಿ ಹಿಂದಿನ ಬಾಗಿಲು ತೆರೆದು ಬೆಲ್ಟ್ ಬಿಚ್ಚಿ, "ಬಂತು, ಇಳೀರಿ," ಎಂದೆ ಮೆಲ್ಲಗೆ. ಸಂಜೆಯವರೆಗೂ ಅಲೆಯಲ್ಲಿ ಕಾಲಾಡಿಸುತ್ತ ಇಬ್ಬರೂ ನಕ್ಕೆವು.

ಹೊರಡುವಾಗ ಮತ್ತೆ ಅದೇ ಬಾಗಿಲು ತೆರೆದು ನಿಂತೆ.

"ಯಾರಿಗೆ ಕಾಯ್ತಿದೀಯ ಮಾರಾಯ್ತಿ?"

ಕೈಯಿಟ್ಟು ನೋಡಿದೆ. ಸೀಟು ಬೆಚ್ಚಗಿತ್ತು. ಯಾರೂ ಹತ್ತಲಿಲ್ಲ.